ಬೆಂಕಿ ಎನ್ನದವರು

ಆಗಸ್ಟ್ ೧೧

ಮಗನೇ,

ನಿನ್ನ ಪತ್ರ ಬಂತು. ಮೂರೇ ಸಾಲು, ಮೂರರಲ್ಲೂ ಚೆನ್ನಾಗಿದ್ದೇನೆ ಅಂತ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ. ನಿನಗಿಂತ ಮೊದಲು ಈ ಪತ್ರ ಬಿಚ್ಚಿ ಓದುವ ಜೈಲಿನ ಅಧಿಕಾರಿಗಳಿಗೆ ನನ್ನ ನಮಸ್ಕಾರ ತಿಳಿಸು. ತಿಳಿಸದಿದ್ದರೂ ಪರವಾಗಿಲ್ಲ, ಈಗ ಓದಿಯೇ ಇರುತ್ತಾರೆ.

ನನ್ನದು ಅದೇ ಕೆಲಸ, ಅದೇ ಬಸ್‌ಸ್ಟ್ಯಾಂಡು, ಅದೇ ಗಾಜಿನ ಗೂಡು, ಅದೇ ಮೈಕು. ವಾರವೆಲ್ಲ ಊರಿನವರಿಗೆ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳುವವಳಿಗೆ, ರಜೆಯ ದಿನ ತಾನು ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಓಡಾಡುತ್ತೇನೆ. ಕೆಳಗಿನ ಮನೆಯಾಕೆ ಮೊನ್ನೆ ಮೆಟ್ಟಿಲು ಹತ್ತಿ ಬಂದು, ಮನೆಗೆ ಯಾರಾದರೂ ನೆಂಟರು ಬಂದಿದ್ದಾರಾ, ತುಂಬ ಜನ ನಡೆದಾಡುವ ಸದ್ದು ಕೇಳುತ್ತದೆ ಎಂದಳು. ಇಲ್ಲಮ್ಮ, ಎಲ್ಲ ನಾನೊಬ್ಬಳೇ ಎಂದೆ.

ಈಗ ಹೇಳುವುದಕ್ಕೆ ಕೋಪ ಮಾಡಿಕೊಳ್ಳಬೇಡ. ಕಳೆದ ಭಾನುವಾರ ಅರಣ್ಯ ಇಲಾಖೆಯ ಮೀಸಲಿಗೆ ಹೋಗಿದ್ದೆ. ಹೌದು, ಊರಾಚೆಯ ಆ ಹುಲ್ಲುಗಾವಲಿಗೇ. ಹೋಗಬೇಕೆಂದು ಹೊರಟವಳಲ್ಲ, ಕಾಲು ಹೋಯಿತು, ನಾನು ಹಿಂದೆ ಹೋದೆ. ಗೇಟಿನ ಮೇಲೆ ಹೊಸದೊಂದು ಹಲಗೆ ಇದೆ: ಈ ಸಾರ್ವಜನಿಕ ಜಾಗವನ್ನು ನೋಡಿಕೊಳ್ಳಲು ಸ್ವಯಂಸೇವಕರು ಬೇಕಾಗಿದ್ದಾರೆ, ಸಂಬಳವಿಲ್ಲ. ಒಳಗೆ ಮೇಜು ಹಾಕಿಕೊಂಡು ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು ಕೂತಿದ್ದರು. ಈ ಕೆಲಸದಲ್ಲಿ ಆಸಕ್ತಿ ಹೇಗೆ ಬಂತು ಎಂದು ಕೇಳಿದರು. ಹೋದ ಬೇಸಿಗೆಯಲ್ಲಿ ಇದನ್ನು ಸುಟ್ಟವನು ನನ್ನ ಮಗ ಎಂದೆ. ಅವರ ಪೆನ್ನು ಅಲ್ಲೇ ನಿಂತಿತು.

ಪಕ್ಕದ ಬೆಂಚಿನಲ್ಲಿ ಕಾವಲುಗಾರ ಕಾಲು ಚಾಚಿ ಕೂತಿದ್ದ. ನ್ಯಾಯಾಲಯದಲ್ಲಿ ದೂರದಿಂದ ನೋಡಿದ್ದೆನಲ್ಲ, ಅದೇ ಮನುಷ್ಯ. ನನ್ನ ಮುಖ ನೋಡಲಿಲ್ಲ, ಪಾದ ನೋಡಿದ. "ಈ ಚಪ್ಪಲೀಲಿ ಆಗಲ್ಲ. ಒಳಗೆ ಮುಳ್ಳಿರುತ್ತೆ," ಎಂದ. ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಮಾರನೆಯ ದಿನವೇ ಬೂಟು ಕೊಂಡೆ.

ಇಂತಿ,
ಓಡಾಡುತ್ತಲೇ ಬರೆಯುತ್ತಿರುವ
ಅಮ್ಮ


ಸೆಪ್ಟೆಂಬರ್ ೨

ಅಮ್ಮ,

ಯಾಕೆ ಹೋದೆ? ಹೋದವಳು ಸುಮ್ಮನೆ ನೋಡಿಕೊಂಡು ಬರಬಾರದಿತ್ತೇ? ನಾನು ಇಂಥವನ ತಾಯಿ ಅಂತ ಗೇಟಿನಲ್ಲಿ ನಿಂತು ಮೈಕಿಲ್ಲದೆ ಘೋಷಣೆ ಮಾಡಬೇಕಿತ್ತೇ? ಮಾಡಿದ್ದು ನಾನು, ಅನುಭವಿಸುತ್ತಿರುವುದೂ ನಾನು. ನಿನ್ನನ್ನು ಯಾರೂ ಕರೆದಿರಲಿಲ್ಲ.

ಇಲ್ಲಿ ನನ್ನನ್ನು ಬಡಗಿ ವಿಭಾಗಕ್ಕೆ ಹಾಕಿದ್ದಾರೆ. ಶಾಲೆಗಳಿಗೆ ಬೆಂಚು ಮಾಡುತ್ತೇವೆ. ನನಗೋ ಒಂದು ಕಡೆ ಕೂರಲಿಕ್ಕಾಗುವುದಿಲ್ಲ, ಇಡೀ ದಿನ ಬೇರೆಯವರು ಕೂರುವುದಕ್ಕೆ ಬೆಂಚು ಮಾಡುತ್ತೇನೆ. ಕೋಣೆಯಲ್ಲಿ ನಾನು ನಡೆಯಲು ಶುರುಮಾಡಿದರೆ ಉಳಿದವರು ಗೋಡೆಗೆ ಒತ್ತಿ ದಾರಿ ಬಿಡುತ್ತಾರೆ. ನನಗೆ "ಪ್ಯಾಸೆಂಜರ್" ಅಂತ ಹೆಸರಿಟ್ಟಿದ್ದಾರೆ. ಎಲ್ಲಿಂದ ಬಂತೋ ಈ ಚಾಳಿ ಅಂತ ಯೋಚಿಸುತ್ತಿದ್ದೆ, ನಿನ್ನ ಪತ್ರ ಓದಿದ ಮೇಲೆ ತಿಳಿಯಿತು.

ಇನ್ನೊಮ್ಮೆ ಅಲ್ಲಿಗೆ ಹೋಗಬೇಡ.

ನಿನ್ನ ಮಗ


ಸೆಪ್ಟೆಂಬರ್ ೨೨

ಮಗನೇ,

ಹೋಗಬೇಡ ಎಂದು ಬರೆದೆ. ಪತ್ರ ತಲುಪುವಷ್ಟರಲ್ಲಿ ಮತ್ತೆ ಹೋಗಿ ಬಂದಾಗಿತ್ತು. ಅಂಚೆಯವರನ್ನು ಬೈದುಕೋ.

ನಮ್ಮ ಕೆಲಸ ಏನು ಅಂತ ಹೇಳುತ್ತೇನೆ. ಹೊರಗಿನಿಂದ ಬಂದು ಬೇರು ಬಿಟ್ಟ ಒಂದು ಪೊದೆ ಇದೆ, ಹೂವು ನೋಡಲು ಚೆಂದ, ಆದರೆ ಅದರ ಕೆಳಗೆ ಒಂದು ಎಳೆ ಹುಲ್ಲೂ ಏಳುವುದಿಲ್ಲ. ಅದನ್ನು ಬೇರುಸಹಿತ ಕೀಳುವುದು. ಬಂದವರು ಎಸೆದು ಹೋದ ಬಾಟಲಿ ಆರಿಸುವುದು. ಬೇಲಿ ಸರಿಮಾಡುವುದು. ಮಳೆ ಬಿದ್ದ ಮೇಲೆ ಸುಟ್ಟ ಕಡೆಯೆಲ್ಲ ಹುಲ್ಲು ಬಂದಿದೆ, ಆದರೆ ಮರಗಳು ಬಂದಿಲ್ಲ. ಕರಿ ಬೊಡ್ಡೆಗಳು ಹಾಗೇ ನಿಂತಿವೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಈ ವರ್ಷ ಬರಲಿಲ್ಲವಂತೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ಅವರವರೇ ಮಾತಾಡಿಕೊಳ್ಳುವಾಗ ಕೇಳಿಸಿಕೊಂಡೆ.

ಇವರೆಲ್ಲ ಒಳ್ಳೆಯವರು, ಒಳ್ಳೆಯತನವೇ ನನಗೀಗ ತಲೆನೋವಾಗಿದೆ. ನಾನು ಬಂದ ಮೇಲೆ ಇವರ ಬಾಯಲ್ಲಿ ಬೆಂಕಿ ಎಂಬ ಪದವೇ ಇಲ್ಲ. ನನ್ನೆದುರು ಅದನ್ನು "ಅದು" ಅನ್ನುತ್ತಾರೆ. ಅದು ಬಂದಾಗ, ಅದಕ್ಕಿಂತ ಮೊದಲು, ಅದು ಆದ ಮೇಲೆ. ಬೆಂಕಿಪೊಟ್ಟಣ ಬರೀ ಪೊಟ್ಟಣವಾಗಿದೆ. ಚಹಾ ಕಾಯಿಸುವ ಹೊತ್ತಿಗೆ ಆ ಪೊಟ್ಟಣ ನನ್ನನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತದೆ. ನಮ್ಮಲ್ಲಿ ಒಬ್ಬರು ದಂತವೈದ್ಯೆ ಇದ್ದಾರೆ, ತೀರಾ ಮೃದು ಮನುಷ್ಯೆ. ತಮ್ಮ ರೋಗಿಯೊಬ್ಬನ ಸಿಟ್ಟಿನ ಕಥೆ ಹೇಳುತ್ತ, "ಬಿಲ್ಲು ನೋಡಿದ್ದೇ ತಡ, ಆತ ಬೆಂ..." ಎಂದು ನಿಲ್ಲಿಸಿದರು. ಆಮೇಲೆ "ಕೆಂಡಾ..." ಎಂದು ನಿಲ್ಲಿಸಿದರು. "ಉರಿದು..." ಎಂದು ಮತ್ತೆ ನಿಲ್ಲಿಸಿದರು. ಕೊನೆಗೆ, ಆತನಿಗೆ ಸ್ವಲ್ಪ ಬೇಜಾರಾಯಿತು ಎಂದು ಕಥೆ ಮುಗಿಸಿದರು. ಬೆಂಕಿ ಇಲ್ಲದೆ ನಮ್ಮ ಭಾಷೆಯಲ್ಲಿ ಸಿಟ್ಟು ಕೂಡ ಬರುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ನನಗೆ ನಗುವೂ ಬರುತ್ತದೆ, ಮೈ ಪರಚಿಕೊಳ್ಳುವ ಹಾಗೂ ಆಗುತ್ತದೆ. ಆ ಪದ ಹೇಳಿ, ಬೈದರೂ ಬೈಯಿರಿ ಅನ್ನೋಣ ಅನಿಸುತ್ತದೆ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನೀನೂ ಹಾಗೇ. "ಮಾಡಿದ್ದು ನಾನು" ಎಂದು ಬರೆಯುತ್ತೀಯ, ಏನು ಮಾಡಿದ್ದು ಎಂದು ಬರೆಯುವುದಿಲ್ಲ. ಕಾವಲುಗಾರರ ಸುಟ್ಟ ಕಾಲು ಹೇಗಿದೆ ಎಂದು ಇವತ್ತಿನವರೆಗೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮಂಡಿಯವರೆಗೆ ಚರ್ಮ ಬಿಗಿದುಕೊಂಡಿದೆ. ಏರು ಬಂದರೆ ನಿಂತು, ಹಕ್ಕಿ ನೋಡುವವರ ಹಾಗೆ ಆಕಾಶ ನೋಡಿ, ಆಮೇಲೆ ಹತ್ತುತ್ತಾರೆ.

ಅಮ್ಮ


ಅಕ್ಟೋಬರ್ ೧೭

ಅಮ್ಮ,

ಕೇಳಲಿಲ್ಲ ಎಂದರೆ ಮರೆತಿದ್ದೇನೆ ಎಂದಲ್ಲ. ನ್ಯಾಯಾಲಯದಲ್ಲಿ ಆ ಕಾಲಿನ ಫೋಟೋ ಕೈಯಿಂದ ಕೈಗೆ ಹೋಗುವಾಗ ನನ್ನ ಮುಂದೆಯೇ ಹೋಯಿತು. ಹೆಚ್ಚು ಬರೆಯಲಾರೆ.

ಒಂದು ವಿಷಯ ಇದೆ. ಇಲ್ಲಿಯ ಕಲ್ಯಾಣಾಧಿಕಾರಿ ನನ್ನನ್ನು ಕರೆದಿದ್ದರು. ನಡತೆ ಚೆನ್ನಾಗಿರುವವರನ್ನು ಶಿಕ್ಷೆಯ ಕೊನೆಯ ಭಾಗಕ್ಕೆ ಹೊರಗೆ ಬಿಡುತ್ತಾರಂತೆ. ಮನೆಯಲ್ಲಿ ಇರಬಹುದು, ಹಗಲು ಯಾವುದಾದರೂ ಸಾರ್ವಜನಿಕ ಜಾಗದಲ್ಲಿ ಕೆಲಸ ಮಾಡಬೇಕು. ಆದರೆ ನನ್ನಂಥವರಿಗೆ, ಎಲ್ಲಿ ಹಾನಿ ಮಾಡಿದರೋ ಅಲ್ಲಿಯೇ ಕೆಲಸ. ಆ ಜಾಗದವರು ಒಪ್ಪಬೇಕು, ಪೆಟ್ಟು ತಿಂದವರೂ ಒಪ್ಪಿ ಸಹಿ ಹಾಕಬೇಕು. ಹಾಗಾದರೆ ಫೆಬ್ರವರಿಯಲ್ಲಿ ಬರಬಹುದು. ಇಲ್ಲದಿದ್ದರೆ ಸೆಪ್ಟೆಂಬರ್.

ನಾನು ಹೂಂ ಎಂದೂ ಹೇಳಿಲ್ಲ, ಊಹೂಂ ಎಂದೂ ಹೇಳಿಲ್ಲ. ನಿನಗೆ ತಿಳಿಸಬಾರದು ಎಂದುಕೊಂಡಿದ್ದೆ. ತಿಳಿಸಿದರೆ ನೀನು ಏನು ಮಾಡುತ್ತೀಯ ಎಂದು ಗೊತ್ತು.

ನಿನ್ನ ಮಗ


ಅಕ್ಟೋಬರ್ ೩೦

ಮಗನೇ,

ಗೊತ್ತಿದ್ದೂ ತಿಳಿಸಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ.

ಪತ್ರ ಓದಿದ ದಿನ ಮೈಕಿನಲ್ಲಿ ಒಂದೇ ಬಸ್ಸನ್ನು ಎರಡು ಕಡೆ ನಿಲ್ಲಿಸಿದೆ. ಜನ ಆ ಕಡೆಯಿಂದ ಈ ಕಡೆಗೆ ಓಡಿ, ಗಾಜಿಗೆ ಮುಖ ಒತ್ತಿ ನನ್ನನ್ನು ಬೈದರು. ಬೈಯಲಿ ಬಿಡು. ನಿನ್ನ ಹಾಸಿಗೆಯ ಹೊದಿಕೆ ತೆಗೆದು ಒಗೆದೆ. ಒಣಗಿದ ಮೇಲೆ ನೋಡಿದರೆ ಕೊಳೆಯೇ ಇರಲಿಲ್ಲ ಅನಿಸಿತು, ಆದರೂ ಇನ್ನೊಂದು ಸಲ ಒಗೆದೆ.

ಮೇಷ್ಟ್ರು ಕೂಡಲೇ ಒಪ್ಪಿದರು. ನಾನು ಅಷ್ಟಕ್ಕೇ ಸುಮ್ಮನಿರದೆ ಕಾವಲುಗಾರರ ಹತ್ತಿರ ಹೋದೆ. ಬೇಲಿಯ ತಂತಿ ಬಿಗಿಯುತ್ತಿದ್ದರು. ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತಂತಿಯನ್ನು ಪೂರ್ತಿ ಬಿಗಿದು, ಎಳೆದು ನೋಡಿ, ಇಕ್ಕಳ ಜೇಬಿಗೆ ಹಾಕಿಕೊಂಡ ಮೇಲೆ ಮಾತಾಡಿದರು. "ನೀವು ಕೇಳಬೇಡಿ. ಅವನೇ ಕೇಳಲಿ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ ಇನ್ನೊಂದು ಕಂಬಕ್ಕೆ ಹೋದರು.

ನಾಲ್ಕು ಸಾಲು ಬರಿ ಮಗನೇ. ಜನವರಿ ಮುಗಿಯುವುದರೊಳಗೆ ಸಹಿಯಾಗಬೇಕು ಎಂದು ಮೇಷ್ಟ್ರು ವಿಚಾರಿಸಿ ತಿಳಿದುಕೊಂಡಿದ್ದಾರೆ. ಕಾವಲುಗಾರರ ಮಾತಿನಿಂದ ನನಗೆ ಅರ್ಥವಾದದ್ದು ಇಷ್ಟು: ಕೇಳಿದರೆ ಇಲ್ಲ ಅನ್ನುವುದಿಲ್ಲ.

ಅಮ್ಮ


ಡಿಸೆಂಬರ್ ೩

ಅಮ್ಮ,

ಬರೆಯಲು ಆಗುತ್ತಿಲ್ಲ. ನೀನು ನಾಲ್ಕು ಸಾಲು ಎನ್ನುತ್ತೀಯ. ಕ್ಷಮಿಸಿ ಎಂದು ಬರೆದರೆ, ಹೊರಗೆ ಬರುವುದಕ್ಕೆ ಕ್ಷಮೆ ಕೇಳುತ್ತಿದ್ದಾನೆ ಅನಿಸುತ್ತದೆ. ಸಹಿ ಹಾಕಿ ಎಂದು ಬರೆದರೆ, ಇವನಿಗೆ ಕ್ಷಮೆಯೂ ಬೇಡವಾಗಿದೆ ಅನಿಸುತ್ತದೆ. ಎರಡನ್ನೂ ಬರೆದರೆ ವ್ಯಾಪಾರವಾಗುತ್ತದೆ. ಹರಿದು ಹರಿದು ಹಾಕಿದೆ. ನಮ್ಮ ಕೋಣೆಯ ಹಿರಿಯನೊಬ್ಬ, ಪ್ರೇಮಪತ್ರಕ್ಕೂ ಇಷ್ಟು ಕಾಗದ ಹಾಳು ಮಾಡಿರಲಿಲ್ಲವೋ ನಾನು ಎಂದ.

ಬೆಂಚಿಗೆ ಮೊಳೆ ಹೊಡೆಯುವಾಗಲೂ ತಲೆಯಲ್ಲಿ ಅದೇ ಓಡುತ್ತಿರುತ್ತದೆ. ಬೆರಳು ಜಜ್ಜಿಕೊಂಡಿದ್ದೇನೆ. ಗಾಬರಿಯಾಗಬೇಡ, ಎಡಗೈ.

ನೀನು ಅವರಿಗೆ ಇನ್ನೇನೂ ಹೇಳಬೇಡ. ನನ್ನ ಪರವಾಗಿ ಒಂದು ಮಾತೂ ಬೇಡ.

ನಿನ್ನ ಮಗ


ಜನವರಿ ೮

ಮಗನೇ,

ನಿನ್ನೆ ಆದದ್ದನ್ನು ಬರೆಯದೆ ಕೆಲಸಕ್ಕೆ ಹೋಗಲಾರೆ. ತಲೆಗೂದಲಲ್ಲಿ ಇನ್ನೂ ಹೊಗೆಯ ವಾಸನೆ ಇದೆ.

ಬೇಸಿಗೆಗೆ ಮುಂಚೆ ಅಲ್ಲಿ ಬೆಂಕಿರೇಖೆ ಮಾಡುತ್ತಾರೆ. ಮೀಸಲಿನ ಅಂಚಿನುದ್ದಕ್ಕೂ ಅಗಲವಾಗಿ ಒಂದು ಪಟ್ಟಿ ಹುಲ್ಲನ್ನು ತಾವೇ ಸುಟ್ಟುಬಿಡುತ್ತಾರೆ. ಆಮೇಲೆ ಯಾವ ಕಡೆಯಿಂದ ಬೆಂಕಿ ಬಂದರೂ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ಸಾಯುತ್ತದೆ. ಇಬ್ಬನಿ ಇರುವಾಗಲೇ, ಗಾಳಿ ಏಳುವ ಮುಂಚೆ ಮಾಡಬೇಕು. ಎಲ್ಲರ ಕೈಯಲ್ಲೂ ಒದ್ದೆ ಗೋಣಿಚೀಲ. ಮೇಷ್ಟ್ರು ಒಬ್ಬೊಬ್ಬರಿಗೂ ಸರದಿಯಂತೆ ಪಂಜು ಕೊಟ್ಟರು. ನನ್ನ ಸರದಿ ಬಂದಾಗ, ನೀರಿನ ಡ್ರಮ್ಮಿನ ಉಸ್ತುವಾರಿ ಬಹಳ ಜವಾಬ್ದಾರಿಯ ಕೆಲಸ ಎಂದು ನನ್ನನ್ನು ಡ್ರಮ್ಮಿನ ಪಕ್ಕ ನಿಲ್ಲಿಸಿದರು. ಬೆಂಕಿರೇಖೆಯನ್ನೂ ನನ್ನೆದುರು "ರೇಖೆ" ಎಂದರು, ಯಾವುದೋ ಹುಡುಗಿಯ ಸುದ್ದಿ ಹೇಳುವ ಹಾಗೆ.

ಅರ್ಧ ಕೆಲಸ ಆಗಿತ್ತು. ಒಂದು ಕಿಡಿ ಹಾರಿ ಪಟ್ಟಿಯಾಚೆ, ಮೀಸಲಿನ ಒಳಗಿನ ಒಣ ಪೊದೆಯ ಮೇಲೆ ಕೂತಿತು. ನೋಡಿದ್ದು ದಂತವೈದ್ಯೆ. ಬಾಯಿ ತೆರೆದರು, ಪಕ್ಕದಲ್ಲಿ ನಾನಿದ್ದೆ. "ಅದು... ಅಲ್ಲಿ ಅದು," ಎಂದರು.

ಕಾವಲುಗಾರರು ಹಾವು ಎಂದುಕೊಂಡು, ಯಾರೂ ಅಲ್ಲಾಡಬೇಡಿ ಎಂದು ಕೈ ಎತ್ತಿದರು. ಎಲ್ಲರೂ ಕಂಬಗಳಂತೆ ನಿಂತರು. ಮೇಷ್ಟ್ರು ಇಲಾಖೆಯ ಜೀಪು ಬಂತು ಎಂದುಕೊಂಡು ಅಂಗಿಯ ಗುಂಡಿ ಹಾಕಿಕೊಂಡರು. ಇನ್ನಾರೋ ಯಾವುದು ಎಂದು ಕೇಳಿದರು. ಅದೇ ಅದು ಎಂದು ಆಕೆ ಬೆರಳು ತೋರಿಸಿ ಅಳುವಂತಾದರು. ಅಷ್ಟರಲ್ಲಿ ಪೊದೆ ಚಟಪಟ ಅನ್ನತೊಡಗಿತ್ತು.

ನಾನು ಯೋಚಿಸಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಗಂಟಲು ತಾನೇ ತೆರೆದುಕೊಂಡಿತು. "ದಯವಿಟ್ಟು ಗಮನಿಸಿ. ಎಡಗಡೆಯ ಪೊದೆಗೆ ಬೆಂಕಿ ಬಿದ್ದಿದೆ. ಬೆಂಕಿ. ಎಲ್ಲರೂ ಗೋಣಿಚೀಲ ಸಮೇತ ಎಡಗಡೆಗೆ ಬರತಕ್ಕದ್ದು."

ಬಂದರು. ಬಡಿದರು. ಕಾವಲುಗಾರರು ಆ ಕಾಲಿನಲ್ಲೇ ಎಲ್ಲರಿಗಿಂತ ಮುಂದೆ ನಿಂತು ಬಡಿದರು. ನಮ್ಮ ಮನೆಯ ನಡುಕೋಣೆಯಷ್ಟು ಜಾಗ ಸುಟ್ಟಿತು, ಅಷ್ಟಕ್ಕೇ ನಿಂತಿತು. ಆಮೇಲೆ ಎಲ್ಲರೂ ಕರಿಮುಖ ಮಾಡಿಕೊಂಡು ನೆಲದ ಮೇಲೆ ಕುಸಿದು ಕೂತೆವು. ಯಾರೂ ಯಾರನ್ನೂ ನೋಡಲಿಲ್ಲ. ಮೊದಲು ನಕ್ಕವರು ಕಾವಲುಗಾರರು. ಜೀಪಿಗಾಗಿ ಮೇಷ್ಟ್ರು ಕುತ್ತಿಗೆಯ ಗುಂಡಿ ಕೂಡ ಹಾಕಿಕೊಂಡಿದ್ದರಲ್ಲ, ಅದನ್ನು ತೋರಿಸಿ ನಕ್ಕರು. ದಂತವೈದ್ಯೆ ಬೆಂಕಿ, ಬೆಂಕಿ, ಬೆಂಕಿ ಎಂದು ನಾಲಿಗೆಯ ಮೇಲೆ ಹೇಳಿ ನೋಡಿಕೊಂಡು ನನ್ನ ಕೈ ಹಿಡಿದುಕೊಂಡರು.

ಕಾವಲುಗಾರರು ಎದ್ದು ಪಂಜು ತಂದು ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ನೀವು ಹಚ್ಚಿ ಎಂದರು. ಹಚ್ಚಿದೆ. ಹುಲ್ಲು ಎಷ್ಟು ಬೇಗ ಹಿಡಿಯುತ್ತದೆ ಎಂದು ನನಗೆ ಇಲ್ಲಿಯವರೆಗೂ ತಿಳಿದಿರಲಿಲ್ಲ. ಅಳು ಬಂತು, ಹೊಗೆಯ ನೆಪದಲ್ಲಿ ಅತ್ತು ಮುಗಿಸಿದೆ. ಇದರಿಂದ ನೀನು ಮಾಡಿದ್ದು ಸರಿಯಾಗುವುದಿಲ್ಲ. ಆದರೆ ಆ ಪದ ಬಾಯಿಬಿಟ್ಟು ಹೇಳಿದ ಮೇಲೆ ಎಲ್ಲರ ಉಸಿರು ಸಲೀಸಾಯಿತು, ಅದು ನಿಜ.

ನೀನೂ ಹೇಳಿಬಿಡು. ಅವರಿಗೆ ಬರಿ. ದಿನ ಉಳಿದಿಲ್ಲ.

ಅಮ್ಮ


ಜನವರಿ ೧೭

ಕಾವಲುಗಾರರಿಗೆ,

ನಾನು ಬೆಂಕಿ ಹಚ್ಚಿದೆ. ನಾವು ನಾಲ್ವರು ಬಂದಿದ್ದೆವು, ಕಡ್ಡಿ ಗೀರಿದ್ದು ನಾನು. ಬೇಸಿಗೆಯಲ್ಲಿ ಒಳಗೆ ಬರಬಾರದು ಎಂಬ ಹಲಗೆಯನ್ನು ಓದಿದ್ದೆ, ಓದಿ ನಕ್ಕಿದ್ದೆ. ಕಾಫಿ ಕಾಯಿಸಬೇಕಿತ್ತು. ತಂದ ನೀರನ್ನೆಲ್ಲ ಪಾತ್ರೆಗೆ ಸುರಿದಿದ್ದೆವು. ಗಾಳಿ ಬಂದಾಗ ಪಾತ್ರೆಯನ್ನೇ ಬೋರಲು ಹಾಕಿದೆ, ಸಾಲಲಿಲ್ಲ. ಚೀಲಗಳನ್ನು ಅಲ್ಲೇ ಬಿಟ್ಟು ಓಡಿದೆವು.

ನೀವು ಆ ಚೀಲಗಳನ್ನು ನೋಡಿ ಹುಡುಗರು ಒಳಗೆ ಸಿಕ್ಕಿಕೊಂಡಿದ್ದಾರೆ ಎಂದು ಬೆಂಕಿಯೊಳಗೆ ಹೋದಿರಿ. ಇದು ನ್ಯಾಯಾಲಯದಲ್ಲಿ ಬಂದಿದೆ. ಬಾರದಿದ್ದದ್ದನ್ನು ಹೇಳುತ್ತೇನೆ. ಆ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಮೈಕಿನಲ್ಲಿ ನಮ್ಮ ಅಮ್ಮನ ಧ್ವನಿ ಬರುತ್ತಿತ್ತು. ಎದ್ದು ಆ ಗಾಜಿನ ಗೂಡಿಗೆ ಹೋಗಿ ಒಂದು ಮಾತು ಹೇಳಿದ್ದರೆ ಅವಳು ತಕ್ಷಣ ಫೋನ್ ಮಾಡುತ್ತಿದ್ದಳು. ಒಳಗೆ ಯಾರೂ ಇಲ್ಲ ಎಂದು ನಿಮಗೆ ತಿಳಿಯುತ್ತಿತ್ತು. ಎದ್ದೆ, ಕೂತೆ, ಮತ್ತೆ ಎದ್ದೆ. ಹೋಗಲಿಲ್ಲ. ಬೈಗುಳಕ್ಕೆ ಹೆದರಿದೆ. ಬೇರೆ ಕಾರಣ ಇರಲಿಲ್ಲ.

ಇದನ್ನು ಬರೆಯದೆ ನಿಮ್ಮ ಸಹಿ ಕೇಳಿದರೆ ಮೋಸವಾಗುತ್ತದೆ ಎಂದು ಬರೆದಿದ್ದೇನೆ. ಈಗ ಕೇಳುತ್ತೇನೆ. ನಾನು ಅಲ್ಲಿ ಕೆಲಸ ಮಾಡಲು ಬರಬಹುದೇ? ನೀವು ಏನು ಹೇಳಿದರೂ ಸರಿ.

ನಿಮ್ಮ ಕಾಲು ಸುಟ್ಟವನು


ಫೆಬ್ರವರಿ ೬

ಮಗನೇ,

ಏನು ಬರೆದೆ ನೀನು ಅವರಿಗೆ?

ಜನವರಿ ಮುಗಿಯುವ ಮುಂಚಿನ ಭಾನುವಾರ ಮೇಷ್ಟ್ರು ಸಹಿಯ ಕಾಗದ ಸಿದ್ಧ ಮಾಡಿಕೊಂಡು ಬಂದಿದ್ದರು. ದಂತವೈದ್ಯೆ ಎಲ್ಲರಿಗೂ ಹಂಚಲು ಬಿಸ್ಕತ್ತು ತಂದಿದ್ದರು. ಕಾವಲುಗಾರರು ಬಂದರು, ಕಾಗದ ನೋಡಿದರು, ಮಡಚಿ ಮೇಷ್ಟ್ರಿಗೆ ವಾಪಸು ಕೊಟ್ಟರು. "ನನ್ನಿಂದ ಆಗಲ್ಲ," ಎಂದರು. ಯಾಕೆ ಎಂದು ಕೇಳಿದೆ. ನಿಮ್ಮ ಮಗನನ್ನೇ ಕೇಳಿ ಎಂದರು. ಬೆಂಕಿರೇಖೆಯ ದಿನ ಪಂಜು ಕೊಟ್ಟ ಕೈ ಅದೇನಾ, ನೀವು ಮನುಷ್ಯರಾ ಎಂದುಬಿಟ್ಟೆ. ಎಲ್ಲರೆದುರು. ಬಸ್‌ಸ್ಟ್ಯಾಂಡಿನ ಗಂಟಲಲ್ಲಿ. ಅವರು ನಿಂತು ಪೂರ್ತಿ ಕೇಳಿಸಿಕೊಂಡು, ಗೇಟಿನ ಕಡೆಗೆ ನಡೆದು ಹೋದರು.

ಇನ್ನು ಅಲ್ಲಿಗೆ ಹೋಗುವುದಿಲ್ಲ. ಅವರ ಹುಲ್ಲು, ಅವರ ಬೇಲಿ, ಅವರೇ ಕಟ್ಟಿಕೊಳ್ಳಲಿ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ. ಈ ಭಾನುವಾರ ಮನೆಯಲ್ಲೇ ಇದ್ದೆ. ಕಪಾಟಿನ ಸಾಮಾನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಜೋಡಿಸಿದೆ. ಕೆಳಗಿನ ಮನೆಯಾಕೆ, ನೆಂಟರು ವಾಪಸು ಬಂದರಾ ಎಂದು ಕೇಳಿದಳು.

ಸೆಪ್ಟೆಂಬರ್ ತನಕ ನಾನು ಈ ಮನೆಯಲ್ಲಿ ಎಷ್ಟು ಸಲ ನಡೆಯಲಿ?

ಅಮ್ಮ


ಫೆಬ್ರವರಿ ೧೮

ಅಮ್ಮ,

ಅವರನ್ನು ಬೈದದ್ದು ತಪ್ಪು. ನನ್ನನ್ನು ಬೈಯಬೇಕಿತ್ತು.

ನಾನು ಬರೆದದ್ದು ಇದು. ಬೆಂಕಿ ಬಿದ್ದು ಅವರು ನಮ್ಮನ್ನು ಹುಡುಕುತ್ತ ಒಳಗೆ ಹೋದ ಹೊತ್ತಿನಲ್ಲಿ ನಾನು ನಿನ್ನ ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿನ್ನ ಧ್ವನಿ ಕೇಳುತ್ತಿದ್ದೆ. ನಿನ್ನ ಹತ್ತಿರ ಬಂದು ಹೇಳಿದ್ದರೆ ಅವರ ಕಾಲು ಉಳಿಯುತ್ತಿತ್ತು. ಬರಲಿಲ್ಲ. ಇದನ್ನು ನಿನಗೆ ಹೇಳದೆ ಅವರಿಗೆ ಹೇಳಿದೆ. ನಿನಗೆ ಹೇಳುವುದು ಇನ್ನೂ ಕಷ್ಟವಾಗಿತ್ತು.

ಎಲ್ಲ ಆಕಸ್ಮಿಕ ಎಂದಷ್ಟೇ ಬರೆದಿದ್ದರೆ ಅವರು ಸಹಿ ಹಾಕುತ್ತಿದ್ದರೇನೋ. ಹಾಗೆ ಒಳ್ಳೆಯವನಾಗಿ ಅಲ್ಲಿಗೆ ಬಂದು, ದಿನಾ ಅವರ ಮುಂದೆ ಪೊದೆ ಕೀಳುತ್ತ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಸೆಪ್ಟೆಂಬರ್ ದೂರವೇ. ನನಗೂ ಇಲ್ಲಿ ಗೋಡೆಗಳು ಹತ್ತಿರ ಬರುತ್ತಿವೆ. ಆದರೂ ಅವರ ಜಾಗದಲ್ಲಿ ನಾನಿದ್ದರೆ ನಾನೂ ಆಗಲ್ಲ ಎನ್ನುತ್ತಿದ್ದೆ.

ನೀನು ಹೋಗು ಅಮ್ಮ. ಮೊದಲು ಬೇಡ ಎಂದವನು ನಾನೇ, ಈಗ ಹೋಗು ಎನ್ನುತ್ತಿದ್ದೇನೆ. ನನಗೋಸ್ಕರ ಅಲ್ಲ. ನನಗೋಸ್ಕರ ಹೋದದ್ದು ಮುಗಿಯಿತು.

ನಿನ್ನ ಮಗ


ಮಾರ್ಚ್ ೯

ನಿನಗೆ,

ಪತ್ರ ಬರೆದು ಅಭ್ಯಾಸವಿಲ್ಲ. ಶುರುಮಾಡಿ ನಿಲ್ಲಿಸಿ ಬಹಳ ದಿನವಾಯಿತು. ಇವತ್ತು ಮುಗಿಸಿಬಿಡುತ್ತೇನೆ.

ನಿನ್ನ ಪತ್ರ ಬರುವವರೆಗೆ ಸಹಿ ಹಾಕುವ ಮನಸ್ಸಿತ್ತು. ಹುಡುಗರು, ಗಾಳಿ, ಗಾಬರಿ, ಓಡಿದರು ಎಂದುಕೊಂಡಿದ್ದೆ. ಕಾಲಿನ ನೋವನ್ನು ಹಾಗೆ ಅಂದುಕೊಂಡೇ ತಡೆದುಕೊಂಡಿದ್ದೆ. ಹೊಗೆಯಲ್ಲಿ ನಾನು, ಮಕ್ಕಳೇ ಎಲ್ಲಿದ್ದೀರಿ ಎಂದು ಕೂಗುತ್ತಿದ್ದೆ. ನೀನು ಬೆಂಚಿನ ಮೇಲೆ ಕೂತು ಏಳಲೋ ಬೇಡವೋ ಎಂದು ನೋಡುತ್ತಿದ್ದೆ. ಅದನ್ನು ನುಂಗಿಕೊಳ್ಳಲು ಆಗಲಿಲ್ಲ. ಈಗಲೂ ಆಗಿಲ್ಲ. ನೀನು ಹುಲ್ಲಿನ ನಡುವೆ ನಿಂತಿರುವುದನ್ನು ದಿನಾ ನೋಡಿದರೆ ಏನಾದರೂ ಅಂದುಬಿಟ್ಟೇನು, ಅಂದಮೇಲೆ ನಿನ್ನ ಅಮ್ಮನ ಮುಖ ನೋಡಬೇಕು. ಅದಕ್ಕೇ ಬೇಡ ಎಂದೆ. ನಿಜ ಬರೆದದ್ದಕ್ಕೆ ನಿನಗೆ ನಷ್ಟವಾಯಿತು, ಗೊತ್ತು. ಬರೆಯದಿದ್ದರೆ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ.

ಬೇಡ ಎಂದದ್ದು ನಿನಗೆ, ಅವರಿಗಲ್ಲ. ಅವರು ಬರದ ಭಾನುವಾರಗಳಲ್ಲಿ ಇಲ್ಲಿ ಯಾರಿಗೂ ಕೆಲಸ ಓಡಲಿಲ್ಲ. ದಂತವೈದ್ಯೆ ಪೊದೆ ಕೀಳುವ ಬದಲು ಹುಲ್ಲು ಕಿತ್ತರು.

ಇವತ್ತು ಬೆಳಿಗ್ಗೆ ನಿನ್ನ ಅಮ್ಮ ಬಂದರು. ನನ್ನನ್ನು ನೋಡಲಿಲ್ಲ, ಗುದ್ದಲಿ ತಾವೇ ತೆಗೆದುಕೊಂಡರು. ಇಡೀ ದಿನ ತುಟಿ ಬಿಚ್ಚಲಿಲ್ಲ, ಊರಿಗೇ ಕೇಳುವ ಗಂಟಲು ಅದು. ಸಂಜೆ ಹೋಗುವಾಗ ನನ್ನ ಹತ್ತಿರ ಬಂದು ನಿಂತರು. "ಅವನು ಆ ದಿನ ಯಾವ ಬೆಂಚಲ್ಲಿ ಕೂತಿದ್ದ ಅಂತ ಬರೆದಿದ್ದಾನಾ? ನನ್ನ ಗಾಜಿಂದ ಕಾಣೋ ಬೆಂಚಾ?" ಎಂದು ಕೇಳಿದರು. ಬರೆದಿಲ್ಲ ಎಂದೆ. ತಲೆ ಆಡಿಸಿ ಹೋದರು. ನೀನು ಅವರಿಗೆ ಅದನ್ನು ಬರಿ. ಕಾಣುವುದಾದರೂ ಬರಿ, ಕಾಣದಿದ್ದರೂ ಬರಿ. ಸುಮ್ಮನೆ ಇರಬೇಡ.

ಈ ಸಲದ ಬೇಸಿಗೆ ಜೋರಾಗಿದೆ. ಮೊನ್ನೆ ಪಕ್ಕದ ಬಯಲಿನಿಂದ ಬೆಂಕಿ ಬಂತು, ನಿನ್ನ ಅಮ್ಮ ಸುಟ್ಟ ಪಟ್ಟಿಯ ತನಕ ಬಂದು ನಿಂತಿತು.

ನಿನಗೆ ಸೆಪ್ಟೆಂಬರಿನಲ್ಲಿ ಬಿಡುಗಡೆಯಂತೆ. ಆಮೇಲೆ ಇಲ್ಲಿಗೆ ಬರಬೇಕು ಅನಿಸಿದರೆ ಅದಕ್ಕೆ ನನ್ನ ಸಹಿ ಬೇಡ. ಈ ಜಾಗ ನನ್ನದಲ್ಲ, ಮೇಷ್ಟ್ರದ್ದಲ್ಲ, ಇಲಾಖೆಯದ್ದೂ ಅಲ್ಲ, ಸಾರ್ವಜನಿಕರದು. ಹೊರಗೆ ಬಂದ ದಿನದಿಂದ ನೀನೂ ಸಾರ್ವಜನಿಕ. ನಾನು ನಿನ್ನ ಜೊತೆ ಮಾತಾಡುತ್ತೇನೆ ಎಂದುಕೊಳ್ಳಬೇಡ, ಮಾತಾಡುವುದಿಲ್ಲ ಎಂದೂ ಈಗಲೇ ಹೇಳಲಾರೆ. ಗೇಟು ಬೆಳಿಗ್ಗೆ ತೆರೆಯುತ್ತದೆ. ತೆರೆಯುವವನು ನಾನೇ.

ಕಾವಲುಗಾರ